ಶಾಲೆಯ ವರ್ಕ್‌ಶಾಪ್ ದುಡ್ಡಿನ ಬಗ್ಗೆ ಪೋಷಕರಿಗೆ ಪತ್ರ

ಪೋಷಕರೇ, ನಮಸ್ಕಾರ.

ಹೋದ ತಿಂಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ತಾಲ್ಲೂಕಿನಲ್ಲಿ ಐಟಿಐ ಇದೆಯಲ್ಲ. ಕೆಲಸ ಕಲಿಸೋ ದುಡ್ಡನ್ನೆಲ್ಲ ಅಲ್ಲಿಗೇ ಕೊಡಲಿ. ಹೈಸ್ಕೂಲಲ್ಲಿ ಪಾನಾ, ಸ್ಕ್ರೂಡ್ರೈವರ್ ಯಾಕೆ?" ಅವತ್ತು ಹೊತ್ತಾಗಿತ್ತು, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ 9 ಮತ್ತು 10ನೇ ತರಗತಿಯ ಆಟೊಮೊಬೈಲ್ ವಿಷಯಕ್ಕೆ ದುಡ್ಡು ಬರುವುದು ಸಮಗ್ರ ಶಿಕ್ಷಣ ಯೋಜನೆಯಿಂದ. ಅದರಲ್ಲಿ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು. ಐಟಿಐ ಬೇರೆ ಇಲಾಖೆಯದು, ಅದರ ಲೆಕ್ಕವೇ ಬೇರೆ. ರಾಜ್ಯದ 150 ಐಟಿಐಗಳಿಗೆ ಹೊಸ ಮಷೀನು ಹಾಕಿ ಮೇಲ್ದರ್ಜೆಗೇರಿಸಲು 4,700 ಕೋಟಿಗೂ ಜಾಸ್ತಿ ಖರ್ಚು ಮಾಡಿ, 2022ರ ಜೂನ್‌ನಲ್ಲಿ ಪ್ರಧಾನಿಯವರೇ ಉದ್ಘಾಟಿಸಿದರು. ಅದು ಬೇಕಿತ್ತು. ಅಷ್ಟು ದೊಡ್ಡ ಮಷೀನುಗಳನ್ನು ಹೈಸ್ಕೂಲಲ್ಲಿ ಇಡೋಕಾಗಲ್ಲ, ಇಟ್ಟರೂ ತುಕ್ಕು ಹಿಡಿಯುತ್ತವೆ.

ಆದರೆ ಐಟಿಐನ ಹೆಚ್ಚಿನ ಟ್ರೇಡ್‌ಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅಷ್ಟರೊಳಗೆ ತನ್ನ ಕೈಗೆ ಯಾವ ಕೆಲಸ ಒಗ್ಗುತ್ತದೆ ಅಂತ ಮಗುವಿಗೆ ಗೊತ್ತಾಗಬೇಕು, ಅಲ್ವಾ?

ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನಮ್ಮ ಹಳೇ ಬೈಕ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿದಳು. ತುದಿಯೆಲ್ಲ ಮಸಿ. ಹೆಬ್ಬೆರಳಲ್ಲಿ ಒರೆಸಿ ನೋಡಿ, "ಸರ್, ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಗಾಳಿ ಸಾಲ್ತಿಲ್ಲ" ಅಂದಳು. ಉರಿಯೋಕೆ ಆಮ್ಲಜನಕ ಬೇಕು ಅಂತ ವಿಜ್ಞಾನದ ಪಾಠದಲ್ಲಿ ನಾನೇ ಎಷ್ಟು ಸಲ ಹೇಳಿದ್ದೇನೋ. ಅವಳಿಗೆ ಅದು ತಿಳಿದದ್ದು ಆ ಮಸಿಯಿಂದ. ಆ ದಿನ ನನಗಾದ ಖುಷಿ ಹೇಳತೀರದು.

ಹಾಗಾಗಿ ದೊಡ್ಡ ಯಂತ್ರ ಐಟಿಐಗೇ ಇರಲಿ. ಕೈಯಲ್ಲಿ ಹಿಡಿಯುವ ಸಾಮಾನು ಮತ್ತು ವರ್ಷಪೂರ್ತಿ ಇರುವ ಒಬ್ಬ ತರಬೇತುದಾರರು ಶಾಲೆಗೆ ಬೇಕೇ ಬೇಕು. ಕಳೆದ ವರ್ಷ ತರಬೇತುದಾರರು ಬರುವಷ್ಟರಲ್ಲಿ ಅರ್ಧ ವರ್ಷ ಮುಗಿದಿತ್ತು. ಸಾಮಾನಿನ ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಆ ಮಕ್ಕಳಿಗೆ ಆದ ನಷ್ಟ ನನಗೆ ಈಗಲೂ ನೋವು ಕೊಡುತ್ತದೆ. ದುಡ್ಡಿನಲ್ಲಿ ಕಡಿತ ಮಾಡಲೇಬೇಕಾದರೆ ಇದರಲ್ಲಂತೂ ಬೇಡ ಎಂದು ಮೇಲಿನವರಿಗೆ ಬರೆಯುತ್ತಿದ್ದೇನೆ. ನಿಮ್ಮ ಸಹಿಯೂ ಇದ್ದರೆ ಪತ್ರಕ್ಕೆ ತೂಕ ಬರುತ್ತದೆ.

ಹೈಸ್ಕೂಲು, ಐಟಿಐ ಒಟ್ಟಿಗೆ ಕೆಲಸ ಮಾಡಬೇಕು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ತಿಂಗಳಿಗೆರಡು ಸಲ ನಮ್ಮ ಮಕ್ಕಳನ್ನು ಐಟಿಐಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಅದಕ್ಕೆ ಒಪ್ಪಿಗೆ ಪತ್ರವನ್ನು ಮಕ್ಕಳ ಕೈಲಿ ಕಳಿಸಿದ್ದೇನೆ.

ಬರುವ ಶನಿವಾರ ಶಾಲೆ ಬಿಟ್ಟ ಮೇಲೆ, 11.30ಕ್ಕೆ ಸಭೆ. ತಾಯಂದಿರೂ ಬನ್ನಿ. ಗ್ಯಾರೇಜ್ ಇರುವವರು ಹಳೇ ಕಾರ್ಬ್ಯುರೇಟರ್, ಕ್ಲಚ್ ಪ್ಲೇಟ್ ಇದ್ದರೆ ತನ್ನಿ, ಮಕ್ಕಳು ಬಿಚ್ಚಿ ಜೋಡಿಸಲಿ.

ಇಂತಿ,
ಮುಖ್ಯ ಶಿಕ್ಷಕರು
ಸರ್ಕಾರಿ ಪ್ರೌಢಶಾಲೆ