ಮೇಷ್ಟ್ರ ಸಂಬಳದ ವಿಷಯ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನ್ಯೂಜೆರ್ಸಿಯ ನಿಮ್ಮ ಭಾನುವಾರದ ಕನ್ನಡ ಶಾಲೆಗೆ ಜಾಗ ಸಿಕ್ಕಿದೆ, ಪುಸ್ತಕ ಬಂದಿದೆ, ಮಕ್ಕಳೂ ಇದ್ದಾರೆ, ಕಲಿಸೋರೇ ಇಲ್ಲ ಅಂತ ಬರೆದಿದ್ದೀಯ. ಪಕ್ಕದ ರಸ್ತೆಯ ಯಹೂದಿಗಳು ಹೀಬ್ರೂ ಶಾಲೆಯನ್ನು ಇಷ್ಟು ವರ್ಷ ಹೇಗೆ ನಡೆಸಿಕೊಂಡು ಬಂದರು ಅಂತ ಕೇಳಿದ್ದೀಯ. ನನಗೆ ಈ ವಿಷಯದ ಹುಚ್ಚು ಇರೋದು ನಿನಗೆ ಗೊತ್ತು, ಹಾಗಾಗಿ ಪತ್ರ ಉದ್ದ ಆದರೆ ಬೈಬೇಡ.

ಮೊದಲೇ ಒಂದು ಮಾತು. ಅವರಿಗೂ ಇದೇ ತಲೆನೋವು ಇದೆ ಮಾರಾಯ. ಅಮೆರಿಕದಲ್ಲಿ ಶಾಲೆ ಬಿಟ್ಟ ಮೇಲೆ ವಾರಕ್ಕೆ ಒಂದೆರಡು ದಿನ ನಡೆಯುವ ಹೀಬ್ರೂ ತರಗತಿಗಳಲ್ಲಿ ಕಲಿಸುವವರು ಹೆಚ್ಚಾಗಿ ಬೇರೆ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರು. ಎಷ್ಟೋ ಮಕ್ಕಳು ಹದಿಮೂರನೇ ವಯಸ್ಸಿನ ಬಾರ್ ಮಿಟ್ಸ್ವಾ ಎಂಬ ಸಂಸ್ಕಾರದ ದಿನ, ಅವರ ಧರ್ಮಗ್ರಂಥ ತೋರಾದ ತಮ್ಮ ಪಾಲಿನ ಸಾಲುಗಳನ್ನು ಸರಾಗವಾಗಿ ಓದುತ್ತವೆ, ಅರ್ಥ ಕೇಳಿದರೆ ಅಮ್ಮನ ಮುಖ ನೋಡುತ್ತವೆ. ನಮ್ಮಲ್ಲಿ ಉಪನಯನದ ವಟು ಮಂತ್ರ ಹೇಳಿದ ಹಾಗೆ. ಆದರೆ ಒಂದು ಪ್ರಶ್ನೆಯನ್ನು ಅವರು ನಮಗಿಂತ ಬಹಳ ಮೊದಲೇ ಎತ್ತಿಕೊಂಡರು: ಮೇಷ್ಟ್ರ ಹೊಟ್ಟೆಪಾಡು ಯಾರ ಜವಾಬ್ದಾರಿ?

ಮೊದಲೆಲ್ಲ ಅಪ್ಪನೇ ಮಗನಿಗೆ ಕಲಿಸಬೇಕಿತ್ತಂತೆ. ಹಾಗಾದರೆ ಅಪ್ಪ ಇಲ್ಲದ ಹುಡುಗನ ಗತಿ? 1ನೇ ಶತಮಾನದಲ್ಲಿ ಯೆಹೋಶುವ ಬೆನ್ ಗಮ್ಲಾ ಎಂಬ ಮಹಾಯಾಜಕ ಪ್ರತಿ ಊರಲ್ಲೂ ಮೇಷ್ಟ್ರು ಇರಬೇಕು, ಆರೇಳು ವರ್ಷಕ್ಕೆ ಮಕ್ಕಳನ್ನು ಕಳಿಸಬೇಕು ಅಂತ ಕಟ್ಟು ಮಾಡಿದ ಅಂತ ಯಹೂದಿ ಪಂಡಿತರ ಚರ್ಚೆಗಳ ಗ್ರಂಥ ತಾಲ್ಮೂದ್ ಹೇಳುತ್ತದೆ. ಅದೇ ಜಾಗದಲ್ಲಿ ಲೆಕ್ಕವೂ ಇದೆ. ಒಬ್ಬ ಮೇಷ್ಟ್ರಿಗೆ 25 ಮಕ್ಕಳು. 50 ಆದರೆ ಇಬ್ಬರು ಮೇಷ್ಟ್ರು. 40 ಆದರೆ ಒಬ್ಬ ಸಹಾಯಕ, ಅವನ ಖರ್ಚಿಗೆ ಊರು ಕೈ ಹಾಕಬೇಕು. ಎಷ್ಟು ವ್ಯಾವಹಾರಿಕ ನೋಡು! ಧರ್ಮಗ್ರಂಥದಲ್ಲಿ ಸ್ಟಾಫ್ ಲೆಕ್ಕ ಇರುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ನಮ್ಮೂರಿನ ಒಂದು ಎಳೆಯೂ ಇಲ್ಲಿದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದ, ಅಡಿಕೆ, ಮೆಣಸು, ಕಬ್ಬಿಣ ಕಳಿಸುತ್ತಿದ್ದ, ಕಂಚಿನ ಪಾತ್ರೆ ಮಾಡಿಸುತ್ತಿದ್ದ. ಅವನ ಕಾಗದಗಳ ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಅವೆಲ್ಲ ಸಿಕ್ಕಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಗೆನೀಜಾದಲ್ಲಿ. ಹೀಬ್ರೂ ಅಕ್ಷರ ಇರುವ ಕಾಗದವನ್ನು ಬಿಸಾಡಬಾರದು ಅಂತ ಶತಮಾನಗಟ್ಟಲೆ ತುಂಬಿಟ್ಟ ಕೋಣೆ ಅದು. ಅದೇ ರಾಶಿಯಲ್ಲಿ ಮಕ್ಕಳ ಕಾಗುಣಿತದ ಹಾಳೆಗಳೂ ಇವೆ. ಮೇಷ್ಟ್ರು ದೊಡ್ಡದಾಗಿ ಅಕ್ಷರದ ಅಂಚು ಬರೆದು ಕೊಡುವುದು, ಮಗು ಒಳಗೆ ಬಣ್ಣ ತುಂಬುವುದು. ಜೊತೆಗೆ ಸಮುದಾಯದ ಖರ್ಚಿನ ಪಟ್ಟಿಗಳು: ತಬ್ಬಲಿ ಮಕ್ಕಳ, ಬಡ ಮಕ್ಕಳ ಪಾಠದ ಫೀಸು ಅದರಲ್ಲಿ ಬರುತ್ತದೆ. ಬೆನ್ ಯಿಜು ಇಲ್ಲಿ ಕೂತು ಹೀಬ್ರೂ ಅಕ್ಷರ ಬರೆದದ್ದರ ಹಿಂದೆ ಇಂಥ ಯಾವನೋ ಮೇಷ್ಟ್ರು ಇದ್ದೇ ಇರಬೇಕಲ್ವಾ? ಯೆಮೆನ್ನಿನಲ್ಲಂತೂ ಪುಸ್ತಕದ ಬರ. ಒಂದೇ ಪುಸ್ತಕದ ಸುತ್ತ ಮಕ್ಕಳು ಕೂರುತ್ತಿದ್ದರು, ಎದುರಿಗೆ ಕೂತವನು ತಲೆಕೆಳಗಾಗಿ ಓದೋದನ್ನೇ ಕಲಿತುಬಿಡುತ್ತಿದ್ದ.

ಶತಮಾನಗಟ್ಟಲೆ ಓದು, ಬರಹ, ಪ್ರಾರ್ಥನೆಯಲ್ಲಷ್ಟೇ ಉಳಿದಿದ್ದ ಹೀಬ್ರೂವನ್ನು ಮತ್ತೆ ಮಾತಿಗೆ ತಂದವರು ಅಂದರೆ ಎಲ್ಲರೂ ಎಲಿಯೇಜರ್ ಬೆನ್ ಯೆಹೂದಾ ಹೆಸರು ಹೇಳುತ್ತಾರೆ. ಸರಿ, ದೊಡ್ಡ ಮನುಷ್ಯ. ಆದರೆ ಭಾಷೆಯನ್ನು ಮಕ್ಕಳ ನಾಲಿಗೆಗೆ ತಂದವರು ಮೇಷ್ಟ್ರುಗಳು ಅಂತ ನನ್ನ ಖಚಿತ ಅಭಿಪ್ರಾಯ. 1886ರಲ್ಲಿ ಇಂದಿನ ಇಸ್ರೇಲಿನ ರಿಶೋನ್ ಲೆಜಿಯೋನ್ ಎಂಬ ಊರಲ್ಲಿ ಹೀಬ್ರೂ ಶಾಲೆ ಶುರುವಾದಾಗ ಪಠ್ಯಪುಸ್ತಕ ಇಲ್ಲ, ಲೆಕ್ಕದ ಪಾಠಕ್ಕೆ ಪದಗಳೂ ಇಲ್ಲ. ಮೇಷ್ಟ್ರುಗಳಿಗೂ ಅದು ಮನೆಮಾತಲ್ಲ. 1903ರಲ್ಲಿ ಅವರು ಒಂದು ಸಂಘ ಕಟ್ಟಿಕೊಂಡರು. ಹತ್ತು ವರ್ಷದ ನಂತರ ಆ ಸಂಘ ಕೆಲಸಕ್ಕೆ ಬಂತು. ಹೈಫಾದಲ್ಲಿ ತಾಂತ್ರಿಕ ಕಾಲೇಜು ಕಟ್ಟುತ್ತಿದ್ದ ಜರ್ಮನಿಯ ಯಹೂದಿ ನೆರವಿನ ಸಂಸ್ಥೆ, ವಿಜ್ಞಾನ ಜರ್ಮನ್ನಿನಲ್ಲೇ ನಡೆಯಲಿ ಅಂತು. ದುಡ್ಡು ಅವರದ್ದು, ಮಾತೂ ಅವರದ್ದೇ ಅಂತಾಯ್ತು. ಮೇಷ್ಟ್ರುಗಳು, ಮಕ್ಕಳು ಆ ಸಂಸ್ಥೆಯ ಶಾಲೆಗಳನ್ನು ಬಿಟ್ಟು ಹೊರಗೆ ಬಂದರು, ಬೇರೆ ಶಾಲೆ ತೆರೆದರು. ಆ ಶಾಲೆಗಳ ಖರ್ಚಿಗೆ, ಅಲ್ಲಿ ಯಹೂದಿ ನಾಡು ಕಟ್ಟಲು ಹೊರಟ ಜಿಯೋನಿಸ್ಟ್ ಸಂಘಟನೆ ಹೆಗಲು ಕೊಟ್ಟಿತು. ಕೊಡುವ ಕೈ ಸಿಗದಿದ್ದರೆ ಆ ಹಟ ಎಷ್ಟು ತಿಂಗಳು ನಿಲ್ಲುತ್ತಿತ್ತೋ! 1924ರಲ್ಲಿ ಆ ತಾಂತ್ರಿಕ ಕಾಲೇಜು, ಟೆಕ್ನಿಯಾನ್, ತರಗತಿ ಶುರುಮಾಡಿದಾಗ ಪಾಠ ಹೀಬ್ರೂನಲ್ಲೇ ನಡೆಯಿತು.

ನನ್ನನ್ನು ಜಾಸ್ತಿ ಕಾಡೋದು ಸೋವಿಯತ್ ಕಾಲದ ಮಾಸ್ಕೋ. ಯೋಸೆಫ್ ಬೆಗುನ್ ಅಂತ ಒಬ್ಬರು. ಇಸ್ರೇಲಿಗೆ ಹೋಗ್ತೀನಿ ಅಂತ 1971ರಲ್ಲಿ ಅರ್ಜಿ ಹಾಕಿದ್ದಕ್ಕೆ ಕೆಲಸ ಹೋಯಿತು, ಹೊರಗೆ ಹೋಗಲೂ ಬಿಡಲಿಲ್ಲ. ಮನೆಯಲ್ಲಿ ಹೀಬ್ರೂ ಕಲಿಸತೊಡಗಿದರು. ಅಲ್ಲಿ ದುಡಿಯದೆ ಇರೋದೇ ಅಪರಾಧ. ನಾನು ಹೀಬ್ರೂ ಮೇಷ್ಟ್ರು, ಹಾಗಂತ ದಾಖಲಿಸಿಕೊಳ್ಳಿ, ತೆರಿಗೆ ಕಟ್ಟುತ್ತೇನೆ ಅಂದರು ಬೆಗುನ್. ಅದು ಕೆಲಸವೇ ಅಲ್ಲ ಅಂದಿತು ಸರ್ಕಾರ. 1977ರಲ್ಲಿ ಕೂತು ತಿನ್ನುವವನು ಅಂತ ಹಿಡಿದು ಸೈಬೀರಿಯಾದ ಆಚೆ ಮಗದಾನ್ ಸೀಮೆಗೆ ಅಟ್ಟಿದರು. 1983ರಲ್ಲಿ ಮತ್ತೆ ಏಳು ವರ್ಷ ಜೈಲು, ಐದು ವರ್ಷ ಗಡಿಪಾರಿನ ಶಿಕ್ಷೆ. ಬಿಡುಗಡೆ ಆದದ್ದು 1987ರಲ್ಲಿ. ಇನ್ನೊಬ್ಬ ಹೀಬ್ರೂ ಮೇಷ್ಟ್ರು ಯೂಲಿ ಎಡೆಲ್‌ಸ್ಟೈನ್ ಮೇಲೆ 1984ರಲ್ಲಿ ಮಾದಕ ವಸ್ತುವಿನ ಕೇಸು ಹಾಕಿ ಮೂರು ವರ್ಷ ಒಳಗೆ ಹಾಕಿದರು. ಅವರು ಮುಂದೆ ಇಸ್ರೇಲ್ ಸಂಸತ್ತಿನ ಸ್ಪೀಕರ್ ಆದರು. ತಮಾಷೆ ಅಂದರೆ, ಅದೇ ಮಾಸ್ಕೋದಲ್ಲಿ 1963ರಲ್ಲಿ ಫೆಲಿಕ್ಸ್ ಶಪೀರೋ ಎಂಬ ಮೇಷ್ಟ್ರ ಹೀಬ್ರೂ-ರಷ್ಯನ್ ನಿಘಂಟು ಸರ್ಕಾರದ ಅನುಮತಿಯಿಂದಲೇ ಅಚ್ಚಾಗಿತ್ತು. ನಿಘಂಟು ಅಡ್ಡಿಯಿಲ್ಲ, ಕಲಿಸೋ ಮನುಷ್ಯ ಬೇಡ!

ನಮ್ಮ ದೇಶದ ಕಥೆ ಚಿಕ್ಕದು. ಕೊಂಕಣದ ಯಹೂದಿಗಳಾದ ಬೆನೆ ಇಸ್ರೇಲಿಗಳು ಎಣ್ಣೆ ಗಾಣದವರು, ಶನಿವಾರ ಗಾಣ ಹೂಡುತ್ತಿರಲಿಲ್ಲ. ಹೀಬ್ರೂ ಅವರಲ್ಲಿ ಹೆಚ್ಚುಕಡಿಮೆ ಮರೆತೇ ಹೋಗಿತ್ತು. 19ನೇ ಶತಮಾನದಲ್ಲಿ ಕೊಚ್ಚಿಯ ಯಹೂದಿ ಮೇಷ್ಟ್ರುಗಳು ಬಂದು ಕಲಿಸಿದರು. 1875ರಲ್ಲಿ ಮುಂಬೈನಲ್ಲಿ ಅವರದ್ದೇ ಶಾಲೆ ಆಯಿತು, ಅದೇ ಮುಂದೆ ಸರ್ ಎಲಿ ಕದೂರಿ ಶಾಲೆ. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು.

ಈಗ ನಿನ್ನ ಸಮಿತಿಯ ವಿಷಯ. ಸಂಬಳದ ಮಾತು ಎತ್ತಿದರೆ ವಿದ್ಯೆ ಮಾರಬಾರದು, ಇದು ಸೇವೆ ಅಂತ ಯಾರಾದರೂ ಹೇಳೇ ಹೇಳ್ತಾರೆ. ಯಹೂದಿ ಪಂಡಿತರಿಗೂ ಈ ಅಡ್ಡಿ ಇತ್ತು. ದೇವರು ಪುಕ್ಕಟೆ ಕೊಟ್ಟದ್ದನ್ನು ಪುಕ್ಕಟೆ ಕಲಿಸಬೇಕು ಅಂತ ಅವರ ನಿಯಮ. ಅದಕ್ಕೆ ಅವರು ದಾರಿ ಹುಡುಕಿದರು: ಕೊಡೋದು ಪಾಠಕ್ಕಲ್ಲ, ಮಕ್ಕಳನ್ನು ನೋಡಿಕೊಂಡದ್ದಕ್ಕೆ, ಆ ಹೊತ್ತಿನಲ್ಲಿ ಬೇರೆ ಕೆಲಸ ಬಿಟ್ಟದ್ದಕ್ಕೆ. ಈ ವಾದ ಮೀಟಿಂಗ್‌ನಲ್ಲಿ ಹೇಳಿ ನೋಡು. ರಾಜ್ಯೋತ್ಸವದ ಊಟಕ್ಕೆ, ಸೌಂಡ್ ಸಿಸ್ಟಂಗೆ ಎಷ್ಟು ಹೋಗುತ್ತೆ ಅಂತ ಖಜಾಂಚಿಯನ್ನು ಕೇಳು. ಪೂರ್ತಿ ಸಂಬಳ ಬೇಡ, ಪೆಟ್ರೋಲು ಖರ್ಚು, ಸಣ್ಣ ಗೌರವಧನ, ಒಂದು ತರಬೇತಿ, ಅಷ್ಟರಿಂದ ಶುರು ಮಾಡಿ. ಮಕ್ಕಳು 25 ದಾಟಿದರೆ ಇನ್ನೊಬ್ಬರನ್ನು ಕೇಳಲೇಬೇಕು, ಒಬ್ಬರ ಮೇಲೇ ಹೇರಬೇಡಿ. ಯಾರು ಏನಂದರು ಅಂತ ಬರಿ, ಜಗಳ ಆದರೆ ಅದನ್ನೂ ಬರಿ.

ಮಂಗಳೂರಿನಿಂದ,
ನಿನ್ನ ಗೆಳೆಯ