ಗೆಳೆಯನಿಗೊಂದು ಪತ್ರ: ಮೆಷಿನ್ ಬಿಚ್ಚಲ್ಲ, ಹೊರಗಡೆ ಏನು ಬೇಕಾದ್ರೂ ಮಾಡೋಣ

ಚಿಂತಾಮಣಿ

ಪ್ರೀತಿಯ ಗೆಳೆಯ,

ಮೊನ್ನೆ ತುಮಕೂರಿಂದ ತಂಗಿ ಫೋನ್ ಮಾಡಿದ್ದಳು. ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಮಾಸ್ಕಿನಿಂದ ಗಾಳಿ ಊದುತ್ತಲ್ಲ, ನಿನ್ನ ಆ ಸಿಪ್ಯಾಪ್ ಮೆಷಿನ್ ಅಟ್ಟ ಸೇರಿ ಹನ್ನೆರಡು ದಿನ ಆಯ್ತಂತೆ. "ಅಣ್ಣಾ, ನೀವಾದ್ರೂ ಒಂದು ಮಾತು ಹೇಳಿ" ಅಂದಳು. ಅದರ ಹಿಂದೇನೇ ನಿನ್ನ ಮೆಸೇಜೂ ಬಂತು: "ನೀನು ಮೋಟರ್ ವೈಂಡಿಂಗ್ ಮಾಡೋನು, ಇದನ್ನ ಬಿಚ್ಚಿ ಸೌಂಡ್ ಕಮ್ಮಿ ಮಾಡಿಕೊಡು, ಗಾಳೀನೂ ಸ್ವಲ್ಪ ಇಳಿಸು." ಫೋನಲ್ಲಿ ಹೇಳೋಕೆ ಹೋದ್ರೆ ನೀನು ಮಾತು ತೇಲಿಸಿಬಿಡ್ತೀಯ, ಅದಕ್ಕೇ ಕೂತು ಬರೀತಿದ್ದೀನಿ. ಎಲ್ಲರಿಗೂ ಕಾಣೋ ಹಾಗೆ ಹಾಕ್ತಿರೋದು ಯಾಕೆ ಅಂದ್ರೆ, ಮೆಷಿನ್ ತಂದು ಅಟ್ಟಕ್ಕೆ ಹಾಕಿರೋರು ನಮ್ಮ ಕಡೆ ನೀನೊಬ್ಬನೇ ಅಲ್ಲ.

ಬಿಚ್ಚಲ್ಲ ಕಣೋ. ದಿನಕ್ಕೆ ಮೂರು ಮೋಟರ್ ಬಿಚ್ಚೋ ಕೈ ಇದು, ಆದ್ರೆ ನಾಲ್ಕು ವರ್ಷದಿಂದ ನನ್ನ ಮೆಷಿನ್ನಿಗೆ ಒಂದು ಸಲಾನೂ ಸ್ಕ್ರೂಡ್ರೈವರ್ ಇಟ್ಟಿಲ್ಲ. ಕಾರಣ ಹೇಳ್ತೀನಿ.

ಅದರೊಳಗಿರೋದು ನಮ್ಮ ಸಬ್‌ಮರ್ಸಿಬಲ್ ಪಂಪಿನ ಚಿಕ್ಕ ತಮ್ಮ. ಇಂಪೆಲ್ಲರ್ ಅನ್ನೋ ಒಂದು ರೆಕ್ಕೆಚಕ್ರ ಜೋರಾಗಿ ಸುತ್ತುತ್ತೆ, ನೀರಿನ ಬದಲು ಗಾಳಿ ತಳ್ಳುತ್ತೆ. ಇಲ್ಲಿ 1,200 ಅಡಿ ಬೋರಿಂದ ನೀರೆತ್ತೋದು ನಮಗೆ ದಿನದ ಕೆಲಸ. ಈ ಮೆಷಿನ್ನಿನ ಒತ್ತಡಾನೂ ನೀರಿನ ಎತ್ತರದಲ್ಲೇ ಲೆಕ್ಕ, 4ರಿಂದ 20 ಸೆಂಟಿಮೀಟರ್. ಜಾಸ್ತಿ ಅಂದ್ರೂ ಒಂದು ಗೇಣು ನೀರು! ನನಗೆ ಡಾಕ್ಟರು ಬರೆದಿರೋದು 11, ಅರ್ಧ ಗೇಣು. ಮಲಗಿದಾಗ ಗಂಟಲ ಹಿಂದಿನ ಮೆತ್ತನೆ ಮಾಂಸ ಸಡಿಲ ಬಿದ್ದು ಉಸಿರಿನ ದಾರಿ ಮುಚ್ಚುತ್ತಲ್ಲ, ಅದನ್ನ ತೆರೆದಿಡೋಕೆ ಆ ಅರ್ಧ ಗೇಣು ಸಾಕು. ಎರಡು ಬೆರಳು ಕಮ್ಮಿ ಆದ್ರೆ ಸಾಲಲ್ಲ. ನಿನ್ನ ನಿದ್ದೆ ಪರೀಕ್ಷೆ ರಿಪೋರ್ಟಲ್ಲಿ ಉಸಿರು ನಿಲ್ಲೋದು, ಕುಗ್ಗೋದು ಗಂಟೆಗೆ 41 ಸಲ ಅಂತ ಇದೆ. 30 ದಾಟಿದ್ರೇ ತೀವ್ರ ಅಂತಾರೆ. ಒಂದೊಂದು ಸಲ ನಿಂತಾಗಲೂ ಕನಿಷ್ಠ ಹತ್ತು ಸೆಕೆಂಡ್. ರಾತ್ರಿಯೆಲ್ಲ ಹಂಗೆ ಒದ್ದಾಡಿ, ಬೆಳಿಗ್ಗೆ ಶಿರಾ ರಸ್ತೆಯಲ್ಲಿ ಟೆಂಪೋ ಓಡಿಸೋನು ನೀನು. ಗಾಳಿ ಇಳಿಸು ಅಂತ ನನ್ನ ಕೇಳಬೇಡ, ಡಾಕ್ಟರನ್ನ ಕೇಳು. ಮೊದಲು ಮೆನುವಲ್ಲಿ ರ‍್ಯಾಂಪ್ ಆನ್ ಮಾಡು. ಕಮ್ಮಿ ಒತ್ತಡದಲ್ಲಿ ಶುರುವಾಗಿ, ನಿನಗೆ ನಿದ್ದೆ ಹತ್ತೋ ಹೊತ್ತಿಗೆ ನಿಧಾನಕ್ಕೆ ಮೇಲೇರುತ್ತೆ. ಉಸಿರು ಬಿಡೋವಾಗ ಒತ್ತಡ ಸ್ವಲ್ಪ ತಗ್ಗೋ ಸೆಟ್ಟಿಂಗೂ ಸುಮಾರು ಮೆಷಿನ್ನುಗಳಲ್ಲಿದೆ. ನಿನ್ನದರಲ್ಲಿ ಇದೆಯಾ ಅಂತ ನೋಡೋಣ.

ಹಾಗಂತ ಮನೆಯಲ್ಲಿ ಕೈಯಾಡಿಸೋದೇ ತಪ್ಪು ಅಂತಲ್ಲ. ಈ ಮೆಷಿನ್ ಹುಟ್ಟಿದ್ದೇ ಹಾಗೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಅನ್ನೋ ಡಾಕ್ಟರು, ವ್ಯಾಕ್ಯೂಮ್ ಕ್ಲೀನರಿನ ಮೋಟರ್ ಗಾಳಿ ಎಳೆಯೋ ಬದಲು ಊದೋ ಹಾಗೆ ಮಾಡಿ, ಮಾಸ್ಕನ್ನ ದಿನಾ ರಾತ್ರಿ ಮೂಗಿಗೆ ಸಿಲಿಕೋನ್ ಹಾಕಿ ಅಂಟಿಸಿ ಶುರು ಮಾಡಿದ್ದು. 1981ರಲ್ಲಿ ಐದು ಜನ ರೋಗಿಗಳ ವಿಷಯ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮೋಟರ್ ಕೆಲಸದೋನಿಗೆ ಇದನ್ನ ಓದಿದಾಗ ಎಷ್ಟು ಖುಷಿ ಆಗಿರಬೇಕು ಹೇಳು.

ಆದ್ರೆ ಗಾಳಿ ಹೋಗೋ ದಾರಿ ಒಳಗೆ ನಾವು ಏನೂ ತುರುಕಬಾರದು. ಸೌಂಡಿಗೆ ಒಳಗೊಂದು ಸ್ಪಾಂಜ್ ಇಡು ಅಂದೆಯಲ್ಲ, ಕೇಳು. ಫಿಲಿಪ್ಸ್ ಕಂಪನಿ 2021ರ ಜೂನಲ್ಲಿ ಲಕ್ಷಗಟ್ಟಲೆ ಮೆಷಿನ್ ವಾಪಸ್ ಕರೆಸಿಕೊಳ್ಳೋಕೆ ಕಾರಣ ಆ ಸ್ಪಾಂಜೇ. ಸೌಂಡ್ ಕಮ್ಮಿ ಮಾಡೋಕೆ ಒಳಗಿಟ್ಟಿದ್ದ ಪಾಲಿಯುರೆಥೇನ್ ಫೋಮ್ ಕಾಲಕ್ರಮದಲ್ಲಿ ಪುಡಿಯಾಗಿ ಉಸಿರಾಡೋ ಗಾಳಿಗೆ ಸೇರಬಹುದು ಅಂತ ಗೊತ್ತಾಯ್ತು. ಓಜೋನ್ ಹಾಯಿಸಿ ಕ್ಲೀನ್ ಮಾಡಿದ್ರೆ ಅದು ಇನ್ನೂ ಬೇಗ ಹಾಳಾಗ್ತಿತ್ತು. ಇಂಜಿನಿಯರ್‌ಗಳು ಇಟ್ಟ ಫೋಮಿನ ಗತಿಯೇ ಹಿಂಗಾದ್ರೆ, ನಾನು ಹಾರ್ಡ್‌ವೇರ್ ಅಂಗಡಿ ಸ್ಪಾಂಜ್ ಇಟ್ಟು ನಿನ್ನ ಎದೆಯೊಳಕ್ಕೆ ಏನು ಊದಿಸಲಿ?

ಸೌಂಡಿಗೆ ಹೊರಗಡೆಯಿಂದಲೇ ದಾರಿ ಇದೆ. ತಂಗಿ ಕಳಿಸಿದ ಫೋಟೋ ನೋಡಿದೆ, ನೀನು ಮೆಷಿನ್ನನ್ನ ಮಂಚದ ತಲೆಹಲಗೆ ಮೇಲೇ ಇಟ್ಟಿದ್ದೆ. ಮರ ತಮಟೆ ಥರ ಗುಯ್‌ಗುಡುತ್ತೆ. ಮಂಚಕ್ಕೆ ತಾಗದ ಹಾಗೆ ಬೇರೆ ಸ್ಟೂಲ್ ಹಾಕಿ, ಕೆಳಗೊಂದು ದಪ್ಪ ರಬ್ಬರ್ ತುಂಡು ಕೊಡು. ಸ್ಟೂಲ್ ದಿಂಬಿಗಿಂತ ತಗ್ಗಿರಲಿ, ಆಗ ಗಾಳಿಗೆ ತೇವ ಕೊಡೋ ತೊಟ್ಟಿಯ ಹಬೆ ತಣ್ಣಗಾಗಿ ಪೈಪಲ್ಲಿ ಕಟ್ಟಿದ ನೀರು ಮೂಗಿನ ಕಡೆ ಹರಿಯಲ್ಲ. ಡಿಸೆಂಬರ್ ಚಳಿಗೆ ನನ್ನ ಪೈಪಲ್ಲಿ ನೀರು ಗೊಳಗೊಳ ಅಂತಿತ್ತು. ನಮ್ಮನೆಯವಳು ಹಳೇ ಕಾಟನ್ ಸೀರೆಯಲ್ಲಿ ಉದ್ದಕ್ಕೆ ಒಂದು ಗವಸು ಹೊಲಿದು ತೊಡಿಸಿದಳು, ನಿಂತುಹೋಯ್ತು. ಸೊಳ್ಳೆ ಪರದೆ ಕಟ್ಟೋ ಮೊಳೆಗೆ ಲಂಗದ ಲಾಡಿ ಇಳಿಬಿಟ್ಟು, ಅದರಲ್ಲಿ ಪೈಪ್ ತೂಗುಹಾಕಿದ್ದೀನಿ. ಮಗ್ಗುಲು ತಿರುಗಿದ್ರೆ ಮಾಸ್ಕ್ ಎಳೆಯಲ್ಲ. ಮೆಷಿನ್ನಿನ ಮೆಮೊರಿ ಕಾರ್ಡ್ ಓದೋ ಆಸ್ಕರ್ ಅನ್ನೋ ಬಿಟ್ಟಿ ಸಾಫ್ಟ್‌ವೇರ್ ಇದೆ, ಮಗಳು ಕಂಪ್ಯೂಟರಿಗೆ ಹಾಕಿಕೊಟ್ಟಳು. ರಾತ್ರಿ ಯಾವ ಹೊತ್ತಲ್ಲಿ ಗಾಳಿ ಸೋರ್ತಿದೆ ಅಂತ ಗೊತ್ತಾಗಿದ್ದು ಅದರಿಂದಲೇ.

ಮಾಸ್ಕಿನ ಅಂಚು ಕೆನ್ನೆ ಕೊರೆಯುತ್ತೆ ಅಂದೆ. ಹಳೇ ಬನಿಯನ್ ಬಟ್ಟೆಯನ್ನ ಮಾಸ್ಕಿನ ಆಕಾರಕ್ಕೇ ಬಳೆ ಥರ ಕತ್ತರಿಸಿ, ಅಂಚಿಗೂ ಚರ್ಮಕ್ಕೂ ಮಧ್ಯ ಕೂರಿಸು. ದಿನಾ ಒಗೆದದ್ದೇ ಇರಬೇಕು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗೋದು ಬಿಡು, ಎಣ್ಣೆಗೆ ಮಾಸ್ಕಿನ ಸಿಲಿಕೋನ್ ಅಂಚು ಬೇಗ ಕೆಡುತ್ತೆ. ಮೀಸೆ ಸಂದಿಯಲ್ಲಿ ಗಾಳಿ ಸೋರಿದ್ರೂ ಮೀಸೆ ತೆಗಿ ಅನ್ನಲ್ಲ. ಮೂಗಿನ ಹೊಳ್ಳೆಗಷ್ಟೇ ಕೂರೋ ನೇಸಲ್ ಪಿಲ್ಲೋ ಅನ್ನೋ ಮಾಸ್ಕ್ ಒಂದು ಸಲ ಹಾಕಿ ನೋಡು.

ಇನ್ನೊಂದು ತಪ್ಪು ನಾನು ಮಾಡಿದ್ದು, ನೀನು ಮಾಡಬೇಡ. ಮಾಸ್ಕಿನ ಮುಂದೆ ಸೂಜಿಮೊನೆಯಷ್ಟು ತೂತುಗಳಿವೆಯಲ್ಲ, ಅದರ ಗಾಳಿ ನಮ್ಮನೆಯವಳ ಮುಖಕ್ಕೆ ಹೊಡೀತಿತ್ತು. ಒಂದು ರಾತ್ರಿ ಅರ್ಧ ತೂತಿಗೆ ಸೆಲ್ಲೋಟೇಪ್ ಹಚ್ಚಿ ಮಲಗಿದೆ. ಬೆಳಗಿನ ಜಾವ ತಲೆ ಸಿಡಿಯೋ ಹಾಗೆ ನೋಯ್ತಾ ಎದ್ದೆ, ಎದೆ ಹೊಡ್ಕೋತಿತ್ತು. ಪೈಪ್ ಇರೋದು ಒಂದೇ, ಅದರಲ್ಲಿ ಗಾಳಿ ಒಳಗೆ ಬರುತ್ತೆ ಅಷ್ಟೇ. ನಾವು ಬಿಟ್ಟ ಉಸಿರು ಆಚೆ ಹೋಗೋಕೆ ಆ ತೂತುಗಳೇ ಗತಿ. ಮುಚ್ಚಿದ್ರೆ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನೇ ಮತ್ತೆ ಎಳ್ಕೋತೀವಿ. ಈಗ ನಮ್ಮಿಬ್ಬರ ಮಧ್ಯ ಒಂದು ಉದ್ದ ದಿಂಬು ಇದೆ.

ನೀರಿನ ತೊಟ್ಟಿಗೆ ನಲ್ಲಿ ನೀರು ಬೇಡ. ನಮ್ಮ ಬೋರ್ ನೀರಿಗೆ ಎರಡೇ ವಾರದಲ್ಲಿ ಬಿಳೀ ಪೊರೆ ಕಟ್ಟಿತ್ತು. ಕಾಯಿಸಿದ್ರೂ ಉಪ್ಪು ಹೋಗಲ್ಲ. ಡಿಸ್ಟಿಲ್ಡ್ ವಾಟರ್ ಹಾಕು, ಪೆಟ್ರೋಲ್ ಬಂಕಿನ ಬ್ಯಾಟರಿ ನೀರಲ್ಲ, ಮೆಡಿಕಲ್ ಸ್ಟೋರಲ್ಲಿ ಕೇಳಿ ತಗೋ.

ಈಗ ಕರೆಂಟಿನ ವಿಷಯ. ನನಗೆ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರದ್ದು ಇದು. ಎರಡನೇ ವರ್ಷ, ಮನೆಯವಳು ಮಗಳ ಬಾಣಂತನಕ್ಕೆ ಹೋಗಿದ್ದಳು. ರಾತ್ರಿ ಕರೆಂಟ್ ಹೋಯ್ತು, ಮೆಷಿನ್ ಸದ್ದಿಲ್ಲದೆ ನಿಂತುಹೋಯ್ತು. ನನ್ನದು ಬಾಯಿ ಮೂಗು ಎರಡೂ ಮುಚ್ಚೋ ಮಾಸ್ಕ್. ಮೆಷಿನ್ ನಿಂತರೆ ಹೊರಗಾಳಿ ಬಿಡೋಕೆ ಅದರಲ್ಲೊಂದು ವಾಲ್ವ್ ಇದೆ, ಹಾಗಾಗಿ ಮಾಸ್ಕಿನಿಂದ ಅಪಾಯ ಆಗಲಿಲ್ಲ. ಆದ್ರೆ ನನ್ನ ಗಂಟಲಿದೆಯಲ್ಲ, ಅದು ಹಳೇ ಚಾಳಿ ಹಿಡೀತು. ಎಷ್ಟು ಹೊತ್ತು ಹಂಗೆ ಬಿದ್ದಿದ್ದೆನೋ, ಎಚ್ಚರಾದಾಗ ಬನಿಯನ್ ಬೆವರಿಗೆ ಒದ್ದೆ. ಬೀಪ್ ಅಂತ ಒಂದು ಸದ್ದು ಮಾಡಿದ್ರೆ ಏನಾಗ್ತಿತ್ತು ಅದಕ್ಕೆ?

ಮಾರನೇ ದಿನ ಅಂಗಡಿಯಲ್ಲಿ ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡ್ತಾ ಇದ್ದೆ. ಕೈಯಲ್ಲಿ ನೋ-ವೋಲ್ಟ್ ಕಾಯಿಲ್. ಕರೆಂಟ್ ಇರೋವರೆಗೂ ಹಿಡಿದಿರುತ್ತೆ, ಹೋದ ಕೂಡಲೇ ಬಿಟ್ಟುಬಿಡುತ್ತೆ. ಅಲ್ಲೇ ಹೊಳೀತು. ಒಂದು 230 ವೋಲ್ಟ್ ರಿಲೇ, ಅಂದ್ರೆ ಕರೆಂಟ್ ಬಂದು ಹೋದ ಹಾಗೆ ತಾನೇ ಬದಲಾಗೋ ಸ್ವಿಚ್, ತಗೊಂಡು ಮೆಷಿನ್ನಿನ ಪ್ಲಗ್ ಪಾಯಿಂಟಿಗೇ ಕೊಟ್ಟೆ. ಕರೆಂಟ್ ಹೋದಾಗ ಕೂಡೋ ಕಾಂಟ್ಯಾಕ್ಟಿಗೆ 9 ವೋಲ್ಟ್ ಬ್ಯಾಟರಿ, ಒಂದು ಬಜರ್. ಎಲ್ಲ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ. ಮೆಷಿನ್ನಿನ ಒಂದು ವೈರೂ ಮುಟ್ಟಿಲ್ಲ. ಕರೆಂಟ್ ಹೋದ್ರೆ ಕೀರ್ ಅಂತ ಎಬ್ಬಿಸುತ್ತೆ.

ಆಮೇಲೆ ಬ್ಯಾಟರಿಗೆ ಕೈ ಹಾಕಿದೆ. ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದ್ರೆ, ನೀರು ಕಾಯಿಸೋ ಹ್ಯೂಮಿಡಿಫೈಯರ್ ಆನ್ ಇದ್ದಾಗ 12 ವೋಲ್ಟ್ ಬ್ಯಾಟರಿಯಿಂದ ಮೂರು ಆಂಪಿಯರ್ ಮೇಲೆ ಎಳೀತಿತ್ತು, ಆರಿಸಿದ್ರೆ ಒಂದರ ಹತ್ತಿರ. ಕರೆಂಟ್ ತಿನ್ನೋದು ಮೋಟರ್ ಅಲ್ಲ, ಬಿಸಿನೀರು! ಅದನ್ನ ಆರಿಸಿಟ್ರೆ ಎಂಟು ಗಂಟೆ ನಿದ್ದೆಗೆ ಎಂಟು ಆಂಪಿಯರ್ ಅವರ್ ಆಯ್ತು. ಚಿಕ್ಕ ಬ್ಯಾಟರಿಯೇ ಸಾಕು. 12ನ್ನ ಮೆಷಿನ್ನಿಗೆ ಬೇಕಾದ 24 ಮಾಡೋ ಅಡಾಪ್ಟರ್ ಮಾತ್ರ ಅದೇ ಮೆಷಿನ್ನಿನ ಕಂಪನಿಯದ್ದು ತಗೊಂಡೆ, ಅಲ್ಲಿ ಕೈಚಳಕ ತೋರಿಸಲಿಲ್ಲ. ಬ್ಯಾಟರಿ ಹತ್ತಿರವೇ ಫ್ಯೂಸ್ ಇದೆ, ಬ್ಯಾಟರಿ ಇರೋದು ಕಿಟಕಿಯಾಚೆ ವರಾಂಡದಲ್ಲಿ.

ಆದ್ರೂ ನನಗೆ ಬೇಜಾರಾಗೋದು ಇಲ್ಲೇ. ನೂರಿನ್ನೂರು ರೂಪಾಯಿ ಸಾಮಾನಲ್ಲಿ ನಾನು ಮಾಡಿದ ಬಜರ್, ಅಷ್ಟು ದುಡ್ಡು ಕೊಟ್ಟು ತಂದ ನನ್ನ ಮೆಷಿನ್ನಲ್ಲಿ ಯಾಕಿಲ್ಲ? ಕೈಯಲ್ಲಿರೋ ಫೋನಿಗೆ ಬ್ಯಾಟರಿ ಇದೆ, ಉಸಿರು ಕಾಯೋ ಮೆಷಿನ್ನಿಗೆ ಯಾಕಿಲ್ಲ? ಮೆಷಿನ್ನಿನ ಸ್ಕ್ರೀನ್ ಮೇಲೆ ಕನ್ನಡ ಬರಬೇಕು, ಓದೋಕೆ ಮಗಳು ರಜೆಗೆ ಬರೋ ತನಕ ಕಾಯೋ ಹಾಗಿರಬಾರದು. ಬೋರ್ ಮೋಟರಿನ ಬುಷ್ಷು ಬೇರಿಂಗು ನಮ್ಮ ಬೀದಿಯಲ್ಲೇ ಸಿಗುತ್ತೆ, ಮಾಸ್ಕಿನ ಒಂದು ಕ್ಲಿಪ್ ಮುರಿದ್ರೆ ನಾನು ಬೆಂಗಳೂರಿಗೆ ಬಸ್ ಹತ್ತಬೇಕು. ಜಿಲ್ಲೆಗೊಂದು ರಿಪೇರಿ ಜಾಗ, ಬಿಡಿ ಸಾಮಾನು. ಇಷ್ಟಾದ್ರೆ ಅಟ್ಟ ಸೇರೋ ಮೆಷಿನ್ನು ಎಷ್ಟೋ ಕಮ್ಮಿ ಆಗುತ್ತೆ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬರ್ತೀನಿ. ರಿಲೇ, ಬಜರ್, ರಬ್ಬರ್ ತುಂಡು ಎಲ್ಲ ಚೀಲಕ್ಕೆ ಹಾಕಿಟ್ಟಿದ್ದೀನಿ. ಬರೋದರೊಳಗೆ ಮೆಷಿನ್ ಕೆಳಗಿಳಿಸಿ ಫಿಲ್ಟರಿನ ಧೂಳು ನೋಡಿರು. ಸೀರೆ ಗವಸು ಹೊಲಿಯೋ ಅಳತೆ ನಮ್ಮನೆಯವಳು ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ, ತಂಗಿಗೆ ಕೊಡ್ತೀನಿ. ಒಂದು ಹಳೇ ಬನಿಯನ್ ಒಗೆದು ಒಣಗಿಸಿ ಇಟ್ಟಿರೋಕೆ ಹೇಳು.

ನಿನ್ನ,
ಚಿಂತಾಮಣಿಯ ಗೆಳೆಯ