ಚಿಕ್ಕಜಾಜೂರಿಗೆ ಒಂದು ವೈಪಿ ಎಂಜಿನ್ ಬೇಕಾಗಿದೆ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಮಾದರಿ ರೈಲುಗಳ ಹವ್ಯಾಸದ ಬಗ್ಗೆ ಬಂದ ಬರಹ ಓದಿದೆ. ಈಗ ಮಾರುಕಟ್ಟೆಯಲ್ಲಿ ಸಿಗದ ಎಂಜಿನ್ನೇ ಇಲ್ಲ ಎಂಬರ್ಥದ ಒಂದು ಮಾತು ಅದರಲ್ಲಿತ್ತು. ಇದೆ. ನನಗೆ ಬೇಕಾದ ವೈಪಿ, ಅಂದರೆ ನಮ್ಮ ಕಡೆಯ ಹಳೆಯ ಮೀಟರ್ ಗೇಜ್ ಹಳಿಯ ಮೇಲೆ ಓಡುತ್ತಿದ್ದ ಉಗಿ ಎಂಜಿನ್ನಿನ ಮಾದರಿಯೇ ಸಿಗುತ್ತಿಲ್ಲ. ಹಾಗಾಗಿ ಈ ಪತ್ರ. ಉದ್ದವಾದರೆ ಕತ್ತರಿ ಆಡಿಸಿ, ಆದರೆ ಲೆಕ್ಕ ಇರುವ ಭಾಗ ಮಾತ್ರ ದಯವಿಟ್ಟು ಉಳಿಸಿ.

ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಮೇಲೆ ಚಿಕ್ಕಜಾಜೂರು ಜಂಕ್ಷನ್ ಇದೆ. ನಿಜದ 87 ಅಡಿ ಇಲ್ಲಿ ಒಂದಡಿ. ಮೆಕ್ಕೆಜೋಳದ ದಿಂಡನ್ನು ಮಿಕ್ಸಿಗೆ ಹಾಕಿ, ಪುಡಿಗೆ ಕಾವಿ ಕಲಸಿ ಕೆಮ್ಮಣ್ಣು ಮಾಡಿದ್ದೇನೆ. ಆ ಮಿಕ್ಸಿ ಜಾರು ಮತ್ತೆ ಅಡುಗೆಮನೆಗೆ ಬರಕೂಡದೆಂದು ಸೊಸೆಯ ಕಟ್ಟಪ್ಪಣೆ. ಹಳಿ ನಡುವಿನ ಜಲ್ಲಿ, ಮನೆ ಕಟ್ಟುವವರ ಹತ್ತಿರ ಬೇಡಿ ತಂದು ಚಹಾ ಸೋಸುವ ಜರಡಿಯಲ್ಲಿ ಹಿಡಿದದ್ದು. ಸಿಗ್ನಲ್ ಕಂಬ, ಎಂಜಿನ್ನಿಗೆ ನೀರು ತುಂಬುವ ಕಬ್ಬಿಣದ ಕೊಳವೆ, ಚಿತ್ರದುರ್ಗದ ಕಡೆಗೆ ಕವಲೊಡೆಯುವ ಹಳಿ, ಎಲ್ಲವೂ ಎಪ್ಪತ್ತರ ದಶಕದಲ್ಲಿ ನಾನು ಕಂಡ ಹಾಗೇ ಇವೆ. ಆದರೆ ಆ ಹಳಿಯ ಮೇಲೆ ಬರುವುದು ಆಲ್ಪ್ಸ್ ಬೆಟ್ಟ ಹತ್ತುವ ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆಯ ಕೆಂಪು ಗಾಡಿ.

"ಅಜ್ಜಿ, ಇದು ದುರ್ಗಕ್ಕೆ ಹೋಗುತ್ತಾ?" ಎಂದು ಮೊಮ್ಮಗ ಕೇಳಿದರೆ ಹೂಂ ಅನ್ನುತ್ತೇನೆ. ಮಕ್ಕಳ ಮುಂದೆ ಸುಳ್ಳು ಹೇಳುವುದು ಈ ವಯಸ್ಸಿನಲ್ಲಿ ಬೇಕಿತ್ತೇ?

ಸ್ವಿಸ್ ಗಾಡಿಯೇ ಯಾಕೆ ಅನ್ನುವುದಕ್ಕೆ ಉತ್ತರ ಗಣಿತದಲ್ಲಿದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ನಾಲ್ಕು ಸಾಲು ಬೋರ್ಡಿನ ಮೇಲೆ ಬರೆಯಲು ಬಿಡಿ. ಜಗತ್ತಿನಲ್ಲಿ ಹೆಚ್ಚು ಮಾರಾಟವಾಗುವ ಎಚ್‌ಓ ಅಳತೆಯ ಮಾದರಿ ಅಂದರೆ 87ರಲ್ಲಿ ಒಂದು ಪಾಲು. ಅದರ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1435 ಮಿಲಿಮೀಟರ್ ಬರುತ್ತದೆ, ಯುರೋಪ್ ಅಮೆರಿಕದ ಹಳಿ ಅಷ್ಟೇ ಅಗಲ. ನಮ್ಮ ಬ್ರಾಡ್‌ಗೇಜ್ 1676. ಅಂದರೆ ನಮ್ಮ ಬ್ರಾಡ್‌ಗೇಜ್ ಎಂಜಿನ್ನನ್ನು ಎಷ್ಟೇ ಚೆಂದ ಮಾಡಿ ಆ ಹಳಿಯ ಮೇಲೆ ಕೂರಿಸಿದರೂ ಒಂದು ಗೇಣು ಮೋಸ ಇದ್ದೇ ಇರುತ್ತದೆ. ಮೈ ಅಗಲ, ಕಾಲು ಒತ್ತೊತ್ತು, ಬಿಗಿ ಚಡ್ಡಿ ಹಾಕಿದ ಪೈಲ್ವಾನನ ಹಾಗೆ. ಸರಿಯಾಗಬೇಕಾದರೆ 19.26 ಮಿಲಿಮೀಟರ್ ಹಳಿ ಬೇಕು, ಅದನ್ನು ಅಂಗಡಿಯಲ್ಲಿ ಯಾರೂ ಇಟ್ಟಿಲ್ಲ.

ಮೀಟರ್ ಗೇಜಿಗೆ, ಅಂದರೆ ಒಂದು ಮೀಟರ್ ಅಗಲದ ಹಳಿಗೆ ಬನ್ನಿ. 1000 ಭಾಗಿಸು 87, ಉತ್ತರ ಹನ್ನೊಂದೂವರೆ. ಸ್ವಿಸ್ ಬೆಟ್ಟದ ರೈಲುಗಳು ಮೀಟರ್ ಗೇಜಿನವಾದ್ದರಿಂದ ಅವುಗಳಿಗಾಗಿ 12 ಮಿಲಿಮೀಟರ್ ಹಳಿ ಯುರೋಪಿನಲ್ಲಿ ಎಂದಿನಿಂದಲೋ ತಯಾರಾಗುತ್ತಿದೆ. ವ್ಯತ್ಯಾಸ ಅರ್ಧ ಮಿಲಿಮೀಟರ್. ಅಷ್ಟನ್ನು ನಾನು ಹತ್ತನೇ ತರಗತಿ ಉತ್ತರಪತ್ರಿಕೆಯಲ್ಲೂ ಕ್ಷಮಿಸಿದ್ದೇನೆ. ಹೀಗೆ ನಮ್ಮ ದೇಶದ ಎಂಜಿನ್‌ಗಳಲ್ಲಿ ಮೈಗೆ ತಕ್ಕ ಕಾಲಿಟ್ಟು ಮಾಡಬಹುದಾದದ್ದು ಮೀಟರ್ ಗೇಜಿನವು. ತಯಾರಕರು ಮಾಡದೆ ಬಿಟ್ಟಿರುವುದೂ ಅವುಗಳನ್ನೇ. ಭಾರತ ಎಂದರೆ ಅವರಿಗೆ ಡಾರ್ಜಿಲಿಂಗಿನ ಪುಟಾಣಿ ಎಂಜಿನ್, ಇಲ್ಲವೇ ಗುಂಡಿನ ಹಾಗೆ ಮೂತಿ ಇರುವ ಡಬ್ಲ್ಯುಪಿ. ಆ ಡಬ್ಲ್ಯುಪಿ ದಾವಣಗೆರೆ ಸ್ಟೇಷನ್ನಿಗೆ ಒಂದು ದಿನವೂ ಬಂದದ್ದಲ್ಲ, ಬ್ರಾಡ್‌ಗೇಜಿನದು ಇಲ್ಲಿಗೆ ಹೇಗೆ ಬಂದೀತು.

ನಮ್ಮಪ್ಪ ಗೇಟ್‌ಮನ್ ಆಗಿದ್ದರು. ಈ ಊರಿನಲ್ಲಿ ತಡವಾಗಿ ಬಂದವರು ಹೇಳುವ ನೆಪ ಇವತ್ತಿಗೂ ‘ಗೇಟ್ ಹಾಕಿತ್ತು’ ಅಂತಲೇ. ಆ ನೆಪದ ಕೀಲಿಕೈ ನಮ್ಮ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಗೇಟು ಹಾಕಿದರೆ ಹತ್ತಿ ಅಂಡಿಗೆ ಹೇರಿದ ಗಾಡಿಗಳು ಸಾಲುಗಟ್ಟುತ್ತಿದ್ದವು, ಎತ್ತುಗಳು ಮೆಲುಕು ಹಾಕುತ್ತಿದ್ದವು, ಗಿರಣಿಗೆ ಪಾಳಿ ತಪ್ಪಿದವರು ಅಪ್ಪನನ್ನು ಬೈಯುತ್ತಿದ್ದರು. ಅವ್ವ ಮಾತ್ರ ಎಂಜಿನ್ನನ್ನೇ ಬೈಯುತ್ತಿದ್ದಳು, ಒಣಹಾಕಿದ ಸೀರೆ ಮೇಲೆ ಮಸಿ ಉದುರಿಸುತ್ತದೆಂದು. ನಾನು ಪಾಟಿ ಚೀಲ ಹಿಡಿದು ಗಾಲಿ ಎಣಿಸುತ್ತಿದ್ದೆ. ಮುಂದೆ ಸಣ್ಣವು ನಾಲ್ಕು, ನಡುವೆ ದೊಡ್ಡವು ಆರು, ಹಿಂದೆ ಎರಡು ಬಂದರೆ ಅದು ವೈಪಿ, ಪ್ಯಾಸೆಂಜರ್ ಗಾಡಿ. ಎರಡು, ಎಂಟು, ಎರಡು ಬಂದರೆ ವೈಜಿ, ಗೂಡ್ಸ್. ಅಪ್ಪನಿಗೆ ಬೈಗುಳ ಜಾಸ್ತಿ. ವೈ ಅಂದರೆ ಮೀಟರ್ ಗೇಜ್, ಪಿ ಅಂದರೆ ಪ್ಯಾಸೆಂಜರ್, ಜಿ ಅಂದರೆ ಗೂಡ್ಸ್ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನನ್ನ ಗಣಿತ ಶುರುವಾದದ್ದೇ ಆ ಗಾಲಿಗಳಿಂದ.

ವೈಪಿ ಎಂದರೆ ಎಲ್ಲೋ ಅಪರೂಪಕ್ಕೆ ಇದ್ದ ಎಂಜಿನ್ ಎಂದು ತಯಾರಕರು ತಿಳಿದಿದ್ದರೆ ಅದು ತಪ್ಪು. 1949ರಿಂದ 1970ರವರೆಗೆ 871 ವೈಪಿಗಳು ತಯಾರಾದವು. ಮೊದಲಿನವು ಅಮೆರಿಕದ ಬಾಲ್ಡ್ವಿನ್ ಕಂಪನಿಯಿಂದ ಬಂದವು, ಆಮೇಲೆ ಸ್ಕಾಟ್ಲೆಂಡಿನ ನಾರ್ತ್ ಬ್ರಿಟಿಷ್, ಜರ್ಮನಿಯ ಕ್ರೌಸ್ ಮಾಫೈ, ಕೊನೆಗೆ ಜಮ್ಷೆಡ್‌ಪುರದ ಟೆಲ್ಕೊ. ಗಾಡಿಯ ಉದ್ದ ಸುಮಾರು 19 ಮೀಟರ್, ದೊಡ್ಡ ಗಾಲಿಯ ವ್ಯಾಸ 1372 ಮಿಲಿಮೀಟರ್. ಮಾದರಿಯಲ್ಲಿ ಅದು ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನ ಒಂದೂವರೆಯಷ್ಟು ಉದ್ದವಾಗುತ್ತದೆ, ಗಾಲಿ ಒಂದು ಕೋಟಿನ ಗುಂಡಿಯಷ್ಟು. ಮೇಜಿನ ಮೇಲೆ ಇಡಲು ಇದಕ್ಕಿಂತ ಹದವಾದ ಎಂಜಿನ್ ಬೇಕೇ?

ಎರಡು ವರ್ಷದ ಹಿಂದೆ ಆಸೆ ತಡೆಯಲಾರದೆ ಒಂದು ‘ವೈಪಿ’ ತರಿಸಿದೆ. ಮಾರಿದವರ ಹೆಸರು ಬೇಡ. ಹದಿನೆಂಟೂವರೆ ಸಾವಿರ ರೂಪಾಯಿ, ಪಿಂಚಣಿಯಲ್ಲಿ ಉಳಿಸಿದ್ದು. ಪೆಟ್ಟಿಗೆ ಬಿಚ್ಚಿದರೆ ಯಾವುದೋ ಯುರೋಪಿನ ಎಂಜಿನ್ನಿಗೆ ಕಪ್ಪು ಬಣ್ಣ ಬಳಿದು, ಪಕ್ಕಕ್ಕೆ ವೈಪಿ ಎಂಬ ಚೀಟಿ ಅಂಟಿಸಿ ಕಳಿಸಿದ್ದರು. ಹಳಿಯ ಅಗಲ 16.5. ಅದನ್ನೂ ನುಂಗಿಕೊಂಡೇನು, ಆದರೆ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಬಫರು, ಅಂದರೆ ಡಬ್ಬಿಗಳು ತಾಗುವಾಗ ಹೊಡೆತ ತಡೆಯುವ ಗೂಟ! ನಮ್ಮ ಮೀಟರ್ ಗೇಜಿನಲ್ಲಿ ಬಫರು ನಟ್ಟ ನಡುವೆ ಒಂದೇ, ಮೂಗಿನ ಹಾಗೆ. ಎರಡು ಮೂಗಿರುವುದನ್ನು ತಂದು ‘ಇದು ನಿಮ್ಮೂರಿನವರೇ’ ಅಂದರೆ ಒಪ್ಪುವುದು ಹೇಗೆ? ವಾಪಸು ತೆಗೆದುಕೊಳ್ಳಲಿಲ್ಲ. ಈಗ ಅದು ಶೋಕೇಸಿನಲ್ಲಿದೆ, ಬಂದವರು ಚೆನ್ನಾಗಿದೆ ಅನ್ನುತ್ತಾರೆ, ನಾನು ಸುಮ್ಮನಿರುತ್ತೇನೆ.

ತಯಾರಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಪ್ಲಾಸ್ಟಿಕ್ ಮೈ ಎರೆಯಲು ಉಕ್ಕಿನ ಅಚ್ಚು ಕೊರೆಯಬೇಕು, ಖರ್ಚೆಲ್ಲ ಅಲ್ಲೇ. ನಮ್ಮೂರಿನ ಬೆಣ್ಣೆದೋಸೆ ಲೆಕ್ಕವೇ ಇದು: ಕಾವಲಿ ಕಾಯಿಸುವ ಸೌದೆ ಒಂದು ದೋಸೆಗೂ ಅಷ್ಟೇ, ನೂರು ದೋಸೆಗೂ ಅಷ್ಟೇ. ಒಂದೇ ದೋಸೆ ಮಾರಿದರೆ ಹೋಟೆಲು ಮುಚ್ಚಬೇಕಾಗುತ್ತದೆ. ಆದರೆ ವೈಪಿ ಮತ್ತು ವೈಜಿಗೆ ಬಾಯ್ಲರ್ ಒಂದೇ. ಮೂಲದಲ್ಲೇ ಹಾಗೆ ಯೋಚಿಸಿ ಮಾಡಿದ್ದು, ಬಿಡಿಭಾಗ ಅದಲುಬದಲು ಆಗಲಿ ಎಂದು. ಬಾಯ್ಲರಿನ ಒಂದು ಅಚ್ಚು ಕೊರೆದರೆ ಎರಡು ಎಂಜಿನ್ನಿಗೂ ಆಯಿತು, ಪ್ಯಾಸೆಂಜರೂ ಸಿಕ್ಕಿತು ಗೂಡ್ಸೂ ಸಿಕ್ಕಿತು.

ಇನ್ನು ಡೀಸೆಲ್. ಉಗಿ ಹೋದ ಮೇಲೆ ನಮ್ಮ ಹಳಿಯ ಮೇಲೆ ಬಂದದ್ದು ವೈಡಿಎಂ-4, 1400 ಅಶ್ವಶಕ್ತಿ, ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, ಮುಂದೆ ವಾರಾಣಸಿಯಲ್ಲಿ ತಯಾರಾಯಿತು. ನನಗೆ ಅದರ ಮೇಲೆ ಅಂಥ ಮೋಹವಿಲ್ಲ, ನನ್ನ ತಮ್ಮನಿಗಿದೆ. ವ್ಯಾಪಾರದ ದೃಷ್ಟಿಯಲ್ಲಿ ಅವನ ಮಾತೇ ಸರಿ ಇರಬಹುದು. ಆ ಎಂಜಿನ್ ಮಲೇಷ್ಯಾ, ಮ್ಯಾನ್ಮಾರ್‌ವರೆಗೂ ಹೋಗಿ ದುಡಿದದ್ದು, ಕೊಳ್ಳುವವರು ನಾಲ್ಕು ದೇಶದಲ್ಲಿ ಸಿಕ್ಕಾರು. ಆಲ್ಕೊ ಎಂಜಿನ್ನಿನ ಗುಡುಗುಡು ಸದ್ದನ್ನು ಅಮೆರಿಕದ ಮಾದರಿಗಳಿಗಾಗಿ ಆಗಲೇ ಧ್ವನಿಮುದ್ರಿಸಿ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಹಾಕಿ ಮಾರುತ್ತಿದ್ದಾರೆ, ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಸ್ವಿಸ್ ಕಂಪನಿಗಳಿಗೆ ಇನ್ನೊಂದು ನೆನಪು ಮಾಡಬೇಕು: ಊಟಿಗೆ ಹತ್ತುವ ನೀಲಗಿರಿ ರೈಲೂ ಮೀಟರ್ ಗೇಜೇ, ಅದರ ಹಲ್ಲುಗಾಲಿಯ ಎಕ್ಸ್ ವರ್ಗದ ಉಗಿ ಎಂಜಿನ್‌ಗಳು ಮೊದಲು ತಯಾರಾಗಿ ಬಂದದ್ದು ಅವರದೇ ವಿಂಟರ್‌ಥೂರ್ ಊರಿನಿಂದ. ತಮ್ಮ ಮನೆ ಮಗಳ ಚಿತ್ರ ತಾವೇ ಬರೆಸಿಲ್ಲ.

ಹೊರಗಿನಿಂದ ತರಿಸುವುದಂತೂ ಈಗ ಕೈಸುಡುತ್ತದೆ. ಕಾನೂನಿನ ಲೆಕ್ಕದಲ್ಲಿ ಮಾದರಿ ರೈಲೂ ಆಟಿಕೆಯೇ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಚನ್ನಪಟ್ಟಣದ ಅರಗಿನ ಕೆಲಸದವರ ಹೊಟ್ಟೆಪಾಡು ನೆನೆದರೆ ಸುಂಕ ತಪ್ಪೆನ್ನಲು ನಾಲಿಗೆ ಏಳುವುದಿಲ್ಲ. ಹಾಗಿದ್ದರೆ ಇಲ್ಲೇ ಮಾಡಿ ಎನ್ನುತ್ತೇನೆ ಅಷ್ಟೆ. ದುಗ್ಗಮ್ಮನ ಜಾತ್ರೆಯಲ್ಲಿ ಪ್ಲಾಸ್ಟಿಕ್ಕಿನ ವಂದೇ ಭಾರತ್ ಸಿಗುತ್ತದೆ, 2023ರಿಂದ ನಿಜದ್ದೂ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಮಕ್ಕಳಿಗೆ ಖುಷಿ, ಸರಿಯೇ. ತೊಂಬತ್ತರ ದಶಕದಲ್ಲಿ ಕಿತ್ತ ಮೀಟರ್ ಗೇಜ್ ಹೇಗಿತ್ತೆಂದು ಆ ಮಕ್ಕಳಿಗೆ ತೋರಿಸಲು ಮೈಸೂರಿನ ರೈಲು ಸಂಗ್ರಹಾಲಯದವರೆಗೆ ಹೋಗಬೇಕು. ನಾನು ಹೋಗಿದ್ದೆ, ಹೊಲಿಗೆ ಟೇಪು ಹಿಡಿದು. ಅಲ್ಲಿದ್ದ ಮೀಟರ್ ಗೇಜ್ ಎಂಜಿನ್ನಿನ ಬಫರು ನೆಲದಿಂದ ಎಷ್ಟೆತ್ತರ, ಮೆಟ್ಟಿಲಿಗೆ ಎಷ್ಟು ಅಗಲ ಎಂದು ಬಗ್ಗಿ ಬಗ್ಗಿ ಬರೆದುಕೊಳ್ಳುವಾಗ ಕಾವಲುಗಾರ ಬಂದು "ಏನಮ್ಮಾ, ಬ್ಲೌಸ್ ಹೊಲಿಸ್ತೀರಾ ಇದಕ್ಕೆ?" ಅಂದ. ಲಖನೌದ ಆರ್‌ಡಿಎಸ್‌ಓ ರೈಲ್ವೆಯ ವಿನ್ಯಾಸಗಳನ್ನು ನೋಡಿಕೊಳ್ಳುವ ಸಂಸ್ಥೆ. ಓಡಾಟ ನಿಲ್ಲಿಸಿದ ಎಂಜಿನ್‌ಗಳ ನಕ್ಷೆಗಳನ್ನು ಅವರು ಎಲ್ಲರಿಗೂ ಸಿಗುವಂತೆ ಹಾಕಿದರೆ ನನ್ನಂಥವರು ಬಗ್ಗಬೇಕಾಗುವುದಿಲ್ಲ.

ಪೂರ್ತಿ ಎಂಜಿನ್ ಆಗದಿದ್ದರೆ ಅರ್ಧ ಕೊಡಿ. ಇದೇ ನನ್ನ ನಿಜವಾದ ಬೇಡಿಕೆ, ಮೇಲಿನದೆಲ್ಲ ಪೀಠಿಕೆ. ಮೈ ನಾವು ಮಾಡಿಕೊಳ್ಳುತ್ತೇವೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಇಟ್ಟಿದ್ದಾನೆ, ಜೊತೆಗೆ ಒಂದು ತ್ರೀಡಿ ಪ್ರಿಂಟರ್. ನನ್ನ ಅಳತೆ ನೋಡಿ ವೈಪಿಯ ಬಾಯ್ಲರು, ಕ್ಯಾಬು, ಕಲ್ಲಿದ್ದಲು ನೀರು ಹೊರುವ ಟೆಂಡರು ಎಲ್ಲ ಪ್ರಿಂಟ್ ಮಾಡಿಕೊಟ್ಟ, ರಿವೆಟ್ ಕೂಡ ಕಾಣುತ್ತದೆ. ಸೋತದ್ದು ಗಾಲಿಯಲ್ಲಿ. ಉಗಿ ಎಂಜಿನ್ನಿನಲ್ಲಿ ಗಾಲಿ ತಿರುಗಿಸುವ ಎಡಗಡೆ ರಾಡಿಗೂ ಬಲಗಡೆ ರಾಡಿಗೂ ಕಾಲು ಸುತ್ತಿನ ಅಂತರವಿರಬೇಕು, ಆರೂ ಗಾಲಿಯಲ್ಲಿ ಅದು ಕೂದಲೆಳೆ ತಪ್ಪಬಾರದು. ಮೂರು ಸಲ ಮಾಡಿದ. ಮೂರು ಸಲವೂ ಎಂಜಿನ್ ಕುಂಟೆಬಿಲ್ಲೆ ಆಡಿದ ಹಾಗೆ ಎರಡು ಹೆಜ್ಜೆ ಹಾರಿ ನಿಂತಿತು. "ಮಿಸ್, ಇದು ಮನೇಲಿ ಆಗೋ ಕೆಲ್ಸ ಅಲ್ಲ, ಫ್ಯಾಕ್ಟರಿ ಜಿಗ್ ಬೇಕು" ಅಂದ. ಜಿಗ್ ಅಂದರೆ ಭಾಗಗಳನ್ನು ಅಳತೆ ತಪ್ಪದಂತೆ ಹಿಡಿದಿಡುವ ಸಾಧನ. ಅವನು ಎಂಟನೇ ತರಗತಿಯಲ್ಲಿ ಕೋನಮಾಪಕ ತರದೆ ಬರುತ್ತಿದ್ದ ಹುಡುಗ, ಆದರೂ ಈ ಮಾತು ನಂಬುತ್ತೇನೆ.

ಆದ್ದರಿಂದ ಆಟಿಕೆ ತಯಾರಿಸುವ ನಮ್ಮ ದೇಶದ ಯಾರಾದರೂ ಇದನ್ನು ಓದುತ್ತಿದ್ದರೆ, ಬರೀ ಚಾಸಿ ಮಾಡಿ ಕೊಡಿ. ಹನ್ನೆರಡು ಮಿಲಿಮೀಟರ್ ಹಳಿಗೆ ಕೂರುವ, ಹದಿನಾರು ಮಿಲಿಮೀಟರ್ ಆಸುಪಾಸಿನ ಆರು ಗಾಲಿ, ರಾಡು, ಒಂದು ಸಣ್ಣ ಮೋಟರು. ಬಣ್ಣ ಬೇಡ, ಪೆಟ್ಟಿಗೆ ಬೇಡ, ವೈಪಿ ಎಂಬ ಚೀಟಿಯಂತೂ ಬೇಡವೇ ಬೇಡ. ಮುಂಗಡ ಕಟ್ಟಿದವರಿಗಷ್ಟೇ ಮಾಡುತ್ತೇವೆ ಅಂದರೂ ಸರಿ. ಎರಡು ಚಾಸಿಗೆ ನನ್ನ ದುಡ್ಡು ಬರೆದುಕೊಳ್ಳಿ, ತಮ್ಮನನ್ನು ಹೆದರಿಸಿ ಅವನಿಂದಲೂ ಒಂದಕ್ಕೆ ಕಟ್ಟಿಸುತ್ತೇನೆ.

ಅಲ್ಲಿಯವರೆಗೆ ಕೆಂಪು ಗಾಡಿಯೇ ಓಡಲಿ. ಅದನ್ನು ನೀರಿನ ಕೊಳವೆಯ ಕೆಳಗೆ ಮಾತ್ರ ನಿಲ್ಲಿಸುವುದಿಲ್ಲ. ಕರೆಂಟಿನ ಗಾಡಿಗೆ ನೀರು ಯಾಕೆ ಅಜ್ಜಿ ಎಂದು ಮೊಮ್ಮಗ ಹೋದ ವಾರ ಕೇಳಿಬಿಟ್ಟ.

ಇತಿ,
ನಿವೃತ್ತ ಗಣಿತ ಶಿಕ್ಷಕಿ,
ವಿದ್ಯಾನಗರ, ದಾವಣಗೆರೆ